ಮಲೆನಾಡಿನ ಮನೆಗೆ ಡಿಡಿ ಫ್ರೀ ಡಿಶ್: ಸೇವೆ ಚೆನ್ನಾಗಿದೆ, ಕೂರಿಸುವುದು ಚೆನ್ನಾಗಿರಬೇಕು

ದುಡ್ಡು ಕಟ್ಟುವ ಡಿಟಿಎಚ್ ಬಿಟ್ಟು ಡಿಡಿ ಫ್ರೀ ಡಿಶ್‌ಗೆ ಬರೋದಾ ಬೇಡ್ವಾ ಎಂದು ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ಜಾಸ್ತಿ, ಈಗಾಗಲೇ ಹಾಕಿಸಿಕೊಂಡು "ಮಳೆ ಬಂದ್ರೆ ಟಿವಿನೇ ಬರಲ್ಲ" ಎಂದು ಬೇಸತ್ತವರಿಗೆ. ನಮ್ಮ ಮನೆ ಸಾಗರ ತಾಲೂಕಿನಲ್ಲಿದೆ. ಸುತ್ತ ಅಡಿಕೆ ತೋಟ, ಹಂಚಿನ ಮಾಡು, ಜೂನ್ ಬಂತೆಂದರೆ ಬಿಡದೆ ಹೊಯ್ಯುವ ಮಳೆ. ಇಂಥ ಕಡೆ ಓಡುವ ಡಿಶ್ ಬಯಲುಸೀಮೆಯಲ್ಲಿ ಓಡದೇ ಇರೋಕೆ ಕಾರಣವೇ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿಕೊಳ್ಳಿ, ಒಳ್ಳೆಯದಿದೆ. ಆದರೆ ಜನ ಬೈಯುವ ತೊಂದರೆಗಳಲ್ಲಿ ಬಹುಪಾಲು ಮೇಲಿನ ಉಪಗ್ರಹದಿಂದ ಬಂದವಲ್ಲ, ನಮ್ಮ ಮಾಡಿನ ಮೇಲಿನ ಪೈಪು, ವೈರಿನ ತುದಿಯ ಪಿನ್ನು, ಎಲ್‌ಎನ್‌ಬಿಯಿಂದ (ಡಿಶ್ ಎದುರು ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ) ಬಂದವು. ಅವನ್ನು ಸರಿ ಮಾಡಬಹುದು, ಮಾಡಿಸಲೂಬಹುದು. ಗೊತ್ತಿಲ್ಲದೆ ಜನ ಮತ್ತೆ ತಿಂಗಳು ತಿಂಗಳು ರೀಚಾರ್ಜ್ ಮಾಡೋಕೆ ಶುರುಮಾಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇದು ಪ್ರಸಾರ ಭಾರತಿಯ ಸೇವೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು, ಆಮೇಲೆ ಫ್ರೀ ಡಿಶ್ ಆಯಿತು. ಈಗ ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ನಮ್ಮ ಇಸ್ರೋದ ಜಿಸ್ಯಾಟ್-15 ಉಪಗ್ರಹದಿಂದ. ಅದು 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್‌ನಲ್ಲಿ ಹೋದದ್ದು. ತಿಂಗಳ ಬಾಡಿಗೆ ಇಲ್ಲ, ಕಾರ್ಡು ಇಲ್ಲ, ರೀಚಾರ್ಜ್ ಇಲ್ಲ. ಡಿಶ್, ಎಲ್‌ಎನ್‌ಬಿ, ಬಾಕ್ಸ್, ವೈರು ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಒಂದು ಸಲ ಖರ್ಚು ಮಾಡಿದರೆ ಮುಗಿಯಿತು.

ಏನು ಸಿಗುತ್ತದೆ? ನಮ್ಮ ಮನೆಗೆ ಬೇಕಾದ್ದು ಚಂದನ. ಅಮ್ಮನಿಗೆ ಅದರ ವಾರ್ತೆ, ಕೃಷಿ ಕಾರ್ಯಕ್ರಮ, ಹಳೆ ಸಿನಿಮಾ ಬೇಕು. ದಸರಾ ಜಂಬೂ ಸವಾರಿಯ ದಿನವಂತೂ ಟಿವಿ ಆರಿಸುವ ಹಾಗೇ ಇಲ್ಲ. ಇದರ ಜೊತೆ ಡಿಡಿಯ ಉಳಿದ ಚಾನೆಲ್‌ಗಳು, ಹಿಂದಿ ಸಿನಿಮಾ, ಸುದ್ದಿ, ಹಾಡಿನ ಚಾನೆಲ್‌ಗಳು ಬರುತ್ತವೆ. ಕ್ರಿಕೆಟ್ ಇಷ್ಟಪಡುವವರಿಗೆ ಇನ್ನೊಂದು ವಿಷಯ. ರಾಷ್ಟ್ರೀಯ ಮಹತ್ವದ್ದು ಎಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಖಾಸಗಿ ವಾಹಿನಿಗಳು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಎಂದು 2007ರ ಕಾನೂನು ಹೇಳುತ್ತದೆ. ಆ ಪ್ರಸಾರ ದೂರದರ್ಶನದ ಸ್ವಂತ ಟವರ್ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ನವರಿಗೆ ಕೊಡುವ ಹಾಗಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಾಗಾಗಿ ಕೇಬಲ್ ಇರುವ ಮನೆಯಲ್ಲಿ ಡಿಡಿಯಲ್ಲಿ ಕಾಣದ ಪಂದ್ಯ ಫ್ರೀ ಡಿಶ್ ಇರುವ ಮನೆಯಲ್ಲಿ ಕಾಣಬಹುದು.

ಸಿಗದಿರುವುದನ್ನೂ ಹೇಳಬೇಕು. ಕನ್ನಡದ ದೊಡ್ಡ ಮನರಂಜನಾ ವಾಹಿನಿಗಳ ಧಾರಾವಾಹಿಗಳು ಇದರಲ್ಲಿ ಇಲ್ಲ. ಸಂಜೆಯ ಧಾರಾವಾಹಿ ಇಲ್ಲದೆ ಮನೆಯಲ್ಲಿ ನಡೆಯಲ್ಲ ಅನ್ನುವವರಿಗೆ ಇದು ಸಾಲದು. ಹಿಂದಿಯವರಿಗೆ ಸಿಕ್ಕಷ್ಟು ನಮಗೆ ಸಿಕ್ಕಿಲ್ಲ, ಇದು ನನಗಿರುವ ದೊಡ್ಡ ದೂರು. ಕನ್ನಡದ ಚಾನೆಲ್‌ಗಳು ಇನ್ನಷ್ಟು ಬರಬೇಕು.

ಈಗ ರಿಸೆಪ್ಶನ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಹೇಳುವುದು ತುಂಬಾ ಇದೆ. ನಮ್ಮಲ್ಲಿ ಮೊದಲು ಕೂರಿಸಿದವರು ಪೇಟೆಯಿಂದ ಬಂದ ಒಬ್ಬರು. ಮಾಡಿನ ಪಕಾಸಿಗೆ, ಅಂದರೆ ಹಂಚು ಹೊರುವ ಮರಕ್ಕೆ, ಕ್ಲಾಂಪ್ ಹಾಕಿ 60 ಸೆಂ.ಮೀ. ಡಿಶ್ ನಿಲ್ಲಿಸಿ, ಚಿತ್ರ ಬಂದ ಕೂಡಲೇ ದುಡ್ಡು ತಗೊಂಡು ಹೋದರು. ಬಿಸಿಲಲ್ಲಿ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯೋದು, ದನಿ ತುಂಡು ತುಂಡಾಗೋದು, ಆಮೇಲೆ "ನೋ ಸಿಗ್ನಲ್". ಜಡಿಮಳೆಯಲ್ಲಿ ಆದರೆ ಆಗಲಿ ಅನ್ನಬಹುದು. ಜಿಟಿಜಿಟಿ ಸೋನೆಗೂ ಹೋಗುತ್ತಿತ್ತು. ಫೋನ್ ಮಾಡಿದರೆ "ಮಳೆಗೆ ಹಂಗೇ ಮಾರಾಯ್ರೆ, ಫ್ರೀ ಅಲ್ದಾ" ಎಂದರು. ಈ ಮಾತು ಒಪ್ಪಬೇಡಿ. ಫ್ರೀ ಡಿಶ್‌ನ ಸಿಗ್ನಲ್‌ಗೂ ದುಡ್ಡು ಕಟ್ಟುವವರ ಸಿಗ್ನಲ್‌ಗೂ ಮಳೆ ಒಂದೇ. ಎರಡೂ ಕೆಯು ಬ್ಯಾಂಡ್ ಎಂಬ ಒಂದೇ ಗುಂಪಿನ ಅಲೆಗಳೇ, ಎರಡನ್ನೂ ಮಳೆ ಹನಿ ಒಂದೇ ಥರ ಹೀರುತ್ತದೆ.

ಬಾಕ್ಸ್‌ನ ಮೆನುವಿನಲ್ಲಿ ಅಂಕಿ ತೋರಿಸುವ ಎರಡು ಅಡ್ಡಪಟ್ಟಿಗಳಿರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಹೆಚ್ಚಿನವರು ನೋಡುವುದು ಸ್ಟ್ರೆಂತ್. ಅದು 80, 90 ತೋರಿಸಿದರೆ ಸಮಾಧಾನ. ಆದರೆ ಸ್ಟ್ರೆಂತ್ ಅಂದರೆ ವೈರಿನಲ್ಲಿ ಬಾಕ್ಸ್‌ಗೆ ಬರುತ್ತಿರುವ ಒಟ್ಟು ಸದ್ದು (ಕಿವಿಗೆ ಕೇಳುವ ಸದ್ದಲ್ಲ, ಬೇಕಾದ್ದು ಬೇಡದ್ದು ಎಲ್ಲ ಸೇರಿದ ಸಿಗ್ನಲ್) ಅಷ್ಟೇ. ಡಿಶ್ ಬೇರೆ ಉಪಗ್ರಹದ ಕಡೆ ನೋಡುತ್ತಿದ್ದರೂ, ಅಷ್ಟೇ ಯಾಕೆ, ಖಾಲಿ ಆಕಾಶ ನೋಡುತ್ತಿದ್ದರೂ ಎಲ್‌ಎನ್‌ಬಿ ತನ್ನ ಪಾಡಿಗೆ ಸದ್ದು ಕಳಿಸುತ್ತದೆ, ಸ್ಟ್ರೆಂತ್ ಚೆನ್ನಾಗಿಯೇ ಕಾಣುತ್ತದೆ. ಆ ಸದ್ದಿನಲ್ಲಿ ನಮಗೆ ಬೇಕಾದ್ದು ಎಷ್ಟು ಚೊಕ್ಕವಾಗಿ ಇದೆ ಎಂದು ಹೇಳುವುದು ಕ್ವಾಲಿಟಿ. ಸ್ಟ್ರೆಂತ್ 90, ಕ್ವಾಲಿಟಿ 0 ಇದ್ದರೆ ಡಿಶ್ ತಪ್ಪು ಕಡೆ ಮುಖ ಮಾಡಿದೆ ಎಂದು ಲೆಕ್ಕ. ಎರಡೂ 0 ಇದ್ದರೆ ವೈರು, ಪಿನ್ನು ಅಥವಾ ಎಲ್‌ಎನ್‌ಬಿ ಕೆಟ್ಟಿದೆ. ಬಿಸಿಲಲ್ಲೂ ಕ್ವಾಲಿಟಿ ಅರೆಬರೆ ಇದ್ದರೆ ಚಿತ್ರ ಬರುತ್ತದೆ, ನೋಡೋಕೆ ಏನೂ ತೊಂದರೆ ಕಾಣಲ್ಲ. ಆದರೆ ಮಳೆಗೆ ಕಳೆದುಕೊಳ್ಳೋಕೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮನೆಯಲ್ಲಿ ಆಗಿದ್ದು ಇದೇ.

ದಿಕ್ಕಿನ ಲೆಕ್ಕ ಹೀಗಿದೆ. ಸಾಗರದ ಕಡೆಯಿಂದ ನೋಡಿದರೆ ಈ ಉಪಗ್ರಹ ಆಗ್ನೇಯಕ್ಕೆ, ಉತ್ತರದಿಂದ ಸುಮಾರು 126 ಡಿಗ್ರಿಗೆ ಇದೆ. ಎತ್ತರ ನೆಲದಿಂದ ಸುಮಾರು 63 ಡಿಗ್ರಿ. ಬೆಂಗಳೂರಿನಿಂದಾದರೆ 128 ಮತ್ತು 66ರ ಆಸುಪಾಸು. ಅಂದರೆ ತುಂಬಾ ಮೇಲಿದೆ, ನೆತ್ತಿಗೆ ಹತ್ತಿರ. ಡಿಶ್ ನೋಡಿದರೆ ಹಾಗೆ ಅನಿಸುವುದಿಲ್ಲ. ಈ ಡಿಶ್‌ಗಳು ಆಫ್‌ಸೆಟ್ ಜಾತಿಯವು, ನಿಜಕ್ಕೂ ನೋಡುತ್ತಿರುವ ಕಡೆಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ತಗ್ಗಿ ನೋಡಿದಂತೆ ಕಾಣುತ್ತವೆ. ಹಾಗಾಗಿ ಕಣ್ಣಂದಾಜಿನಲ್ಲಿ "ಇಲ್ಲಿಗೆ ನೋಡ್ತಾ ಇದೆ, ಮರ ಅಡ್ಡ ಬರ್ತಿದೆ" ಎಂದು ತೀರ್ಮಾನಿಸಿ ಮರ ಕಡಿಯೋಕೆ ಹೋಗಬೇಡಿ. ಮರದ ಲೆಕ್ಕ ಸುಲಭ. ಆಗ್ನೇಯದಲ್ಲಿರುವ ಮರ ಡಿಶ್‌ಗಿಂತ 10 ಮೀಟರ್ ಎತ್ತರವಿದ್ದರೆ ಅದು 5 ಮೀಟರ್‌ಗಿಂತ ದೂರ ಇದ್ದರೆ ಸಾಕು. ಅಡಿಕೆ ತೋಟದವರಿಗೆ ಇದು ಒಳ್ಳೆಯ ಸುದ್ದಿ, ಹೆಚ್ಚಿನ ಮನೆಗಳಲ್ಲಿ ತೋಟ ಅಡ್ಡವೇ ಆಗುವುದಿಲ್ಲ. ಅಂಗಳದ ಮೂಲೆಯ ತೆಂಗು ಅಥವಾ ಮಾಡಿನ ಮೇಲೆ ಚಾಚಿದ ಹಲಸಿನ ಟೊಂಗೆ ಆಗಬಹುದು. ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ತಡೆಯುತ್ತದೆ, ಅದಕ್ಕೇ ಟೊಂಗೆ ಅಡ್ಡ ಇರುವ ಮನೆಯಲ್ಲಿ ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಚಿತ್ರ ಒಡೆಯುತ್ತಲೇ ಇರುತ್ತದೆ.

ಉಪಗ್ರಹ ಇಷ್ಟು ಮೇಲಿರುವುದರಿಂದ ಇನ್ನೊಂದು ಸಂಗತಿ ಇದೆ, ಇದನ್ನು ಕೂರಿಸುವವರಲ್ಲೇ ಎಷ್ಟೋ ಜನ ಗಮನಿಸಲ್ಲ. ಡಿಶ್ಶನ್ನು ಎಡಬಲ ತಿರುಗಿಸುವುದು ಅಷ್ಟು ನಾಜೂಕಿನ ಕೆಲಸವಲ್ಲ. ಪೈಪಿನ ಸುತ್ತ 2 ಡಿಗ್ರಿ ತಿರುಗಿಸಿದರೆ ಆಕಾಶದಲ್ಲಿ ಸರಿಯುವುದು 1 ಡಿಗ್ರಿಗಿಂತ ಕಡಿಮೆ. ಆದರೆ ಮೇಲೆ ಕೆಳಗೆ ಮಾಡುವುದು ತುಂಬಾ ನಾಜೂಕು. 60 ಸೆಂ.ಮೀ. ಡಿಶ್‌ನ ಮೇಲಿನ ಅಂಚು ಅರ್ಧ ಸೆಂ.ಮೀ. ವಾಲಿದರೆ 1 ಡಿಗ್ರಿ ಹೋಯಿತು. ಇತ್ತ ನಮ್ಮ ಉಪಗ್ರಹ 93.5 ಡಿಗ್ರಿಯಲ್ಲಿ, ಪಕ್ಕದ 95ರಲ್ಲಿ ಬೇರೆ ಡಿಟಿಎಚ್‌ಗೆ ಸಿಗ್ನಲ್ ಕಳಿಸುವ ಉಪಗ್ರಹ ಇದೆ. ನಡುವಿನ ಅಂತರ ಒಂದೂವರೆ ಡಿಗ್ರಿ ಮಾತ್ರ. ಇಂಥ ಕಡೆ ಬೋಲ್ಟನ್ನು ಅಂದಾಜಿಗೆ ಬಿಗಿದು ಇಳಿದು ಬಂದರೆ ಹೇಗೆ? ಅದರಲ್ಲೂ ಬೋಲ್ಟು ಬಿಗಿಯುವಾಗಲೇ ಡಿಶ್ ಒಂದೆರಡು ಮಿಲಿಮೀಟರ್ ಜಗ್ಗುತ್ತದೆ. ಕೊನೆಯ ಸುತ್ತು ಬಿಗಿಯುವಾಗ ಒಬ್ಬರು ಟಿವಿ ಎದುರು ಕೂತು ಕ್ವಾಲಿಟಿ ಎಷ್ಟು ಅಂತ ಕೂಗಿ ಹೇಳುತ್ತಿರಬೇಕು. ಬಿಗಿದ ಮೇಲೂ ಅದೇ ಅಂಕಿ ಉಳಿದಿರಬೇಕು.

ಇಷ್ಟೆಲ್ಲ ಸರಿಬರಬೇಕಾದರೆ ಪೈಪು ನೆಟ್ಟಗೆ ನಿಂತಿರಬೇಕು. ಗಾರೆಯವರ ಹತ್ತಿರ ಇರುವ ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ. ಪಕಾಸಿಗೆ ಕಟ್ಟಿದ ಪೈಪು ಎಂದೂ ನೆಟ್ಟಗೆ ಉಳಿಯಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಗಾಳಿಗೆ ಮಾಡು ಅಲುಗುತ್ತದೆ, ಮಂಗ ಬಂದು ಡಿಶ್ ಹಿಡಿದು ಜೋಲಾಡುತ್ತದೆ. ಮಂಗನ ಕಾಟ ಇರುವ ಊರಿನವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮಲ್ಲಿ ಈಗ ಡಿಶ್ ಮಾಡಿನ ಮೇಲಿಲ್ಲ. ಅಂಗಳದ ಅಂಚಿನಲ್ಲಿ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಗಟ್ಟಿ ಜಿಐ ಪೈಪು ನಿಲ್ಲಿಸಿ ಕೂರಿಸಿದ್ದೇವೆ. ಉಪಗ್ರಹಕ್ಕೆ ಡಿಶ್ ಎತ್ತರದಲ್ಲಿರಬೇಕು ಅಂತೇನಿಲ್ಲ, ಆಕಾಶ ಕಾಣಬೇಕು ಅಷ್ಟೇ. ಎತ್ತರ ಬೇಕಾಗಿದ್ದು ಹಳೆ ಕಾಲದ ಅಲ್ಯೂಮಿನಿಯಂ ಕಡ್ಡಿಯ ಆಂಟೆನಾಗೆ, ಟವರ್ ಕಡೆಯಿಂದ ಬರುವ ಸಿಗ್ನಲ್ ಹಿಡಿಯೋಕೆ. ಆ ಅಭ್ಯಾಸದಲ್ಲೇ ಡಿಶ್ಶನ್ನೂ ಮಾಡಿನ ತುದಿಗೆ ಹತ್ತಿಸುತ್ತಾರೆ. ಕೆಳಗಿದ್ದರೆ ಎಲ್‌ಎನ್‌ಬಿ ಒರೆಸೋಕೂ ಸುಲಭ, ಮಳೆಯಲ್ಲಿ ಹಂಚಿನ ಮೇಲೆ ಹತ್ತಿ ಜಾರಿ ಬೀಳುವ ಭಯವೂ ಇಲ್ಲ.

ಆ ಹಳೆ ಆಂಟೆನಾ ಬಗ್ಗೆ ಕೇಳುವವರು ಈಗಲೂ ಇದ್ದಾರೆ. ಅದನ್ನು ತಿರುಗಿಸಿ ತಿರುಗಿಸಿ ದೂರದರ್ಶನ ಹುಡುಕಬೇಡಿ. ಆ ಹಳೆ ಪ್ರಸಾರದ ಟವರ್‌ಗಳನ್ನು ದೂರದರ್ಶನ ಹಂತಹಂತವಾಗಿ ನಿಲ್ಲಿಸುತ್ತಾ ಬಂದು 2022ರ ಹೊತ್ತಿಗೆ ಬಹುಪಾಲು ಮುಚ್ಚಿತು.

ಎಲ್‌ಎನ್‌ಬಿ ತಿರುವು ಅಂತ ಒಂದಿದೆ. ಉಪಗ್ರಹ ಇರುವುದು 93.5 ಡಿಗ್ರಿ ರೇಖಾಂಶದ ಮೇಲೆ, ನಾವಿರುವುದು 75ರಲ್ಲಿ. ಇಷ್ಟು ಪಕ್ಕದಿಂದ ನೋಡುವುದರಿಂದ ಅದು ಕಳಿಸುವ ಅಲೆ ನಮಗೆ ಓರೆಯಾಗಿ ಬಂದು ಸೇರುತ್ತದೆ. ಎಲ್‌ಎನ್‌ಬಿಯನ್ನೂ ಅದಕ್ಕೆ ತಕ್ಕಂತೆ ಹಿಡಿಕೆಯಲ್ಲಿ ತಿರುಗಿಸಬೇಕು. ನಮ್ಮಲ್ಲಿ ಅದನ್ನು ಪ್ಯಾಕೆಟ್‌ನಿಂದ ತೆಗೆದು ನೆಟ್ಟಗೆ ಸಿಕ್ಕಿಸಿ ಬಿಟ್ಟಿದ್ದರು. ಕ್ಲಾಂಪ್ ಸ್ವಲ್ಪ ಸಡಿಲಿಸಿ, ನಿಧಾನ ತಿರುಗಿಸುತ್ತಾ ಹೋದಂತೆ ಕ್ವಾಲಿಟಿ ಪಟ್ಟಿ ಏರುತ್ತಾ ಹೋಯಿತು. ಒಂದು ಜಾಗದಲ್ಲಿ ನಿಂತು, ಮುಂದೆ ತಿರುಗಿಸಿದರೆ ಮತ್ತೆ ಇಳಿಯಿತು. ಆ ನಿಂತ ಜಾಗವೇ ಸರಿಯಾದ ಜಾಗ. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು, ಆದರೆ ನಮ್ಮ ತೊಂದರೆಯಲ್ಲಿ ದೊಡ್ಡ ಪಾಲು ಇದರಿಂದಲೇ ಹೋಯಿತು.

ಉಳಿದದ್ದು ಪಿನ್ನು. ಎಲ್‌ಎನ್‌ಬಿಗೆ ವೈರು ಸೇರುವ ಕಡೆ ಇರುವ ಪಿನ್ ಬಿಚ್ಚಿದಾಗ ಒಳಗಿನ ತಾಮ್ರದ ತಂತಿ ಹಸಿರುಗಟ್ಟಿತ್ತು, ಸುತ್ತಲಿನ ಜಾಲರಿ ಕಪ್ಪಾಗಿ ಪುಡಿಯಾಗುತ್ತಿತ್ತು, ವೈರಿನ ತುದಿ ಹಿಂಡಿದರೆ ನೀರು ಬಂತು. ವೈರು ಒಳಗೊಳಗೇ ನೀರು ಎಳೆದುಕೊಂಡಿತ್ತು. ಹೀಗಾದ ಮೇಲೆ ತುದಿ ಕತ್ತರಿಸಿ ಹೊಸ ಪಿನ್ ಹಾಕಿದರೆ ಸಾಲಲ್ಲ, ವೈರೇ ಬದಲಿಸಬೇಕು. ಆರ್‌ಜಿ-6 ವೈರು ಕೇಳಿ ತಗೊಳ್ಳಿ. ತೆಳ್ಳಗಿನ ಅಗ್ಗದ ವೈರು ಬೇಡ. ತಿರುಗಿಸಿ ಹಾಕುವ ಪಿನ್‌ಗಿಂತ ಒತ್ತಿ ಕೂರಿಸುವ ಪಿನ್ ಒಳ್ಳೆಯದು. ಪಿನ್ ಮೇಲೆ ರಬ್ಬರ್ ಟೋಪಿ ಹಾಕಿಸಿ, ವೈರನ್ನು ಎಲ್‌ಎನ್‌ಬಿಯಿಂದ ಸೀದಾ ಎಳೆಯದೆ ಕೆಳಗೆ ಒಂದು ಸುತ್ತು ಜೋಲು ಬಿಟ್ಟು ಆಮೇಲೆ ಪೈಪಿಗೆ ಕಟ್ಟಿಸಿ. ವೈರಿನ ಮೇಲೆ ಹರಿದು ಬಂದ ನೀರು ಆ ಜೋಲಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಮನೆಯೊಳಗೆ ವೈರು ನುಗ್ಗುವ ಕಡೆಯೂ ಹೀಗೇ. ಎಲ್‌ಎನ್‌ಬಿಯ ಬಾಯಿಗಿರುವ ಪ್ಲಾಸ್ಟಿಕ್ ಮುಚ್ಚಳವನ್ನೂ ನೋಡಿ. ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಒಳಗೆ ನೀರು, ಇರುವೆ, ಕಣಜದ ಗೂಡು ಎಲ್ಲ ಸೇರಿರುತ್ತವೆ. ಹೊಸ ಎಲ್‌ಎನ್‌ಬಿ ದುಬಾರಿಯಲ್ಲ, ರಿಪೇರಿ ಮಾಡಿಸುವ ಗೋಜಿಗೆ ಹೋಗಬೇಡಿ.

ಇದೆಲ್ಲ ಆದ ಮೇಲೂ ಮಲೆನಾಡು, ಕರಾವಳಿಯವರಿಗೆ ನನ್ನ ಸಲಹೆ 90 ಸೆಂ.ಮೀ. ಡಿಶ್. ಅಂಗಡಿಯವರು 60 ಸಾಕು ಅನ್ನುತ್ತಾರೆ, ಬಯಲುಸೀಮೆಗೆ ಅದು ಸಾಕು ಕೂಡ. ಆದರೆ 90ರದ್ದು 60ರದ್ದಕ್ಕಿಂತ ಎರಡೂಕಾಲು ಪಟ್ಟು ಜಾಸ್ತಿ ಸಿಗ್ನಲ್ ಹಿಡಿಯುತ್ತದೆ. ಆ ಜಾಸ್ತಿಯೇ ಮಳೆಯಲ್ಲಿ ಕೈಹಿಡಿಯುವುದು. ಈಗ ಸೋನೆ ಮಳೆಗೆ ನಮ್ಮ ಟಿವಿ ಅಲುಗಾಡಲ್ಲ. ಕಪ್ಪಗೆ ಮೋಡ ಕವಿದು ಧೋ ಎಂದು ಹೊಡೆದರೆ ಮಾತ್ರ ಕೆಲವು ನಿಮಿಷ ಹೋಗಿ ತಾನಾಗಿಯೇ ಬರುತ್ತದೆ. ಅಷ್ಟು ಎಲ್ಲ ಡಿಟಿಎಚ್‌ಗೂ ಇದ್ದದ್ದೇ. ಡಿಶ್ ದೊಡ್ಡದಾದರೆ ಗಾಳಿಯ ಹೊಡೆತವೂ ಜಾಸ್ತಿ, ಅದಕ್ಕೇ ಪೈಪು ಗಟ್ಟಿ ಬೇಕು ಎಂದು ಮತ್ತೆ ಹೇಳುತ್ತಿದ್ದೇನೆ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನೇ ಕೇಳಿ. ಹಳೆ ಎಂಪೆಗ್-2 ಬಾಕ್ಸ್‌ನಲ್ಲಿ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ತೆರೆಯುವುದಿಲ್ಲ. ಪಕ್ಕದ ಮನೆಯಲ್ಲಿ ಬರುವ ಚಾನೆಲ್ ನಿಮ್ಮಲ್ಲಿ ಮಾತ್ರ ಬರದಿದ್ದರೆ, ಕ್ವಾಲಿಟಿ ಚೆನ್ನಾಗಿದ್ದೂ ಬರದಿದ್ದರೆ, ಡಿಶ್ ಮುಟ್ಟಬೇಡಿ, ಬಾಕ್ಸ್ ಯಾವುದು ನೋಡಿ. ಬಾಕ್ಸ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ನಮ್ಮ ಕಡೆಯ ವೋಲ್ಟೇಜ್ ಏರಿಳಿತಕ್ಕೆ ಮೊದಲು ಸೋಲುವುದು ಅದೇ. ಎಲ್‌ಎನ್‌ಬಿಗೆ ಕರೆಂಟು ಹೋಗುವುದೂ ಬಾಕ್ಸ್‌ನಿಂದಲೇ, ಇದೇ ವೈರಿನಲ್ಲಿ. ಹಾಗಾಗಿ ಅಡಾಪ್ಟರ್ ಸೊರಗಿದರೆ ಸಿಗ್ನಲ್ ಕೂಡ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಬಾಕ್ಸ್‌ನ ಪ್ಲಗ್ ತೆಗೆದರೆ ಸಾಲಲ್ಲ, ಡಿಶ್ ವೈರನ್ನೂ ಬಿಚ್ಚಿಡಬೇಕು. ಆದರೆ ಮೋಡ ಕಟ್ಟುವಾಗಲೇ ಬಿಚ್ಚಿ, ಸಿಡಿಲು ಹೊಡೆಯುವಾಗ ವೈರು ಮುಟ್ಟೋಕೆ ಹೋಗಬೇಡಿ.

ಸುಮ್ನೆ ಗಾಬರಿಯಾಗುವ ಎರಡು ಸಂದರ್ಭಗಳಿವೆ. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ನಮ್ಮ ಕಡೆ ಬೆಳಗ್ಗೆ ಹನ್ನೊಂದರ ಆಸುಪಾಸಿನಲ್ಲಿ, ಚೊಕ್ಕ ಬಿಸಿಲಿದ್ದರೂ ಕೆಲವು ನಿಮಿಷ ಸಿಗ್ನಲ್ ಹೋಗುತ್ತದೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದಿರುತ್ತಾನೆ, ಅವನ ಸದ್ದಿನಲ್ಲಿ ಉಪಗ್ರಹದ ಸದ್ದು ಮುಳುಗುತ್ತದೆ. ಏನೂ ಮಾಡಬೇಕಿಲ್ಲ. ಇನ್ನೊಂದು, ಏಪ್ರಿಲ್ ಶುರುವಿನಲ್ಲಿ ಚಾನೆಲ್‌ಗಳು ಮಾಯವಾಗುವುದು. ಖಾಸಗಿ ಚಾನೆಲ್‌ಗಳು ಫ್ರೀ ಡಿಶ್‌ನಲ್ಲಿ ಜಾಗ ಹಿಡಿಯೋದು ಹರಾಜಿನಲ್ಲಿ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಂಬ ಲೆಕ್ಕದಲ್ಲಿ. ಹರಾಜಿನಲ್ಲಿ ಉಳಿಯದವರು ಹೋಗುತ್ತಾರೆ, ಹೊಸಬರು ಬರುತ್ತಾರೆ, ಜಾಗ ಅದಲುಬದಲಾಗುತ್ತದೆ. ಆಗ ಮೆನುವಿಗೆ ಹೋಗಿ ಆಟೋ ಸ್ಕ್ಯಾನ್ ಕೊಡಿ. ಇದಕ್ಕೆ ಮೆಕ್ಯಾನಿಕ್ ಕರೆಸಿ ದುಡ್ಡು ಕೊಡಬೇಡಿ.

ಕೂರಿಸುವವರನ್ನು ಕರೆಸಿದರೆ ದುಡ್ಡು ಕೊಡುವ ಮೊದಲು ಟಿವಿಯಲ್ಲಿ ಕ್ವಾಲಿಟಿ ಪಟ್ಟಿ ತೆರೆದು ತೋರಿಸಲು ಹೇಳಿ, ಆ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಚಿತ್ರ ಒಡೆದಾಗ ಅದೇ ಪಟ್ಟಿ ತೆರೆದು ಹೋಲಿಸಿದರೆ ಡಿಶ್ ಸರಿದಿದೆಯಾ ಇಲ್ಲವಾ ಎಂದು ಕೂಡಲೇ ತಿಳಿಯುತ್ತದೆ. ಎರಡನೇ ಸಲ ನಮ್ಮಲ್ಲಿಗೆ ಬಂದ ಹುಡುಗ ಕೇಳುವ ಮೊದಲೇ ತೋರಿಸಿದ. ಬೋಲ್ಟು ಬಿಗಿದ ಮೇಲೆ ಡಿಶ್ಶನ್ನು ಕೈಯಲ್ಲಿ ಅಲುಗಿಸಿ, ಅಂಕಿ ಇಳಿಯಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹಿಡಿಕೆ ಮತ್ತು ಪೈಪಿನ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದ. ಎರಡು ಗೆರೆ ಒಂದೇ ನೇರಕ್ಕೆ ಇದ್ದರೆ ಡಿಶ್ ತಿರುಗಿಲ್ಲ ಎಂದರ್ಥ, ಮಂಗ ಬಂದು ಹೋದ ಮೇಲೆ ಅಮ್ಮನೇ ನೋಡಿ ಹೇಳಬಹುದು. ಹೊಸ ಟಿವಿ ಕೊಳ್ಳುವವರಿದ್ದರೆ ಹಿಂಬದಿಯಲ್ಲಿ ಎಲ್‌ಎನ್‌ಬಿ ಅಥವಾ ಸ್ಯಾಟಲೈಟ್ ಎಂದು ಬರೆದ ಜಾಗ ಇದೆಯಾ ನೋಡಿ. ಇದ್ದರೆ ಡಿಶ್ ವೈರನ್ನು ಸೀದಾ ಅಲ್ಲಿಗೇ ಕೊಡಬಹುದು, ಬಾಕ್ಸೂ ಬೇಡ, ಎರಡು ರಿಮೋಟೂ ಬೇಡ.